ಅಳಿಸಿದ ಕೆಂಪು ಗುರುತು

೧೯೮೮ರ ಫೆಬ್ರವರಿ ೯, ಮಂಗಳವಾರ. ಬೆಳಿಗ್ಗೆ ಲಿಂಗಸುಗೂರು ಠಾಣೆಗೆ ಬಂದ ದೂರು ಪಿಎಸ್‌ಐ ಯಂಕೋಬನಿಗೆ ವಿಚಿತ್ರವೆನಿಸಿತು. ಊರಿನ ಹಳೇ ಕ್ಲಬ್ಬಿನಿಂದ ಒಂದು ಕಟ್ಟು ಹಾಳೆ ಕಳುವಾಗಿತ್ತು. ಹಿಂದೆ ಇಲ್ಲಿದ್ದ ಇಂಗ್ಲಿಷ್ ಎಂಜಿನಿಯರೊಬ್ಬ ಪಿಯಾನೊಗೆಂದು ರಚಿಸಿದ ಸಂಗೀತದ ಹಸ್ತಪ್ರತಿ ಅದು. ದೂರು ಕೊಟ್ಟವನು ಸಿಂಧನೂರಿನ ಕಾಲೇಜು ಅಧ್ಯಾಪಕ ಅಂಬಪ್ಪ. ಹಾಳೆಗಳನ್ನು ಹೊರಗೆ ಕೊಡದ ಕಾರಣ ಕ್ಲಬ್ಬಿನಲ್ಲೇ ಕುಳಿತು, ಅವನ್ನು ಮದ್ರಾಸಿನ ಮೊದಲ ಮುದ್ರಣದೊಂದಿಗೆ ಹೋಲಿಸಿ, ತಿದ್ದಿದ ಹೊಸ ಪುಸ್ತಕ ತರುವವನಿದ್ದ.

"ಮಾರಿದ್ರ ಯಾರ್ ತಗೋತಾರ್ರೀ?" ಎಂದ ಯಂಕೋಬ.

"ಯಾರೂ ತಗೊಳ್ಳಂಗಿಲ್ರೀ."

ಯಂಕೋಬ ಅವನ ಮೇಲೂ ಒಂದು ಕಣ್ಣಿಟ್ಟೇ ಎಫ್‌ಐಆರ್ ಬರೆಸಿದ.

ಕ್ಲಬ್ಬಿನ ಬೀಗ ಮುರಿದಿರಲಿಲ್ಲ. ಕೀಲಿ ಇರುತ್ತಿದ್ದುದು ಕಾವಲುಗಾರ ದುರುಗಪ್ಪನ ಹತ್ತಿರ.

"ಹೊರಗಿನವ್ರು ಯಾರೂ ಬಂದಿಲ್ರೀ ಸಾಹೇಬ್ರ," ಎಂದ ಅವನು, ನೆಲ ನೋಡುತ್ತ.

"ಹಂಗಾರ ಹಾಳಿಗೆ ರೆಕ್ಕಿ ಬಂದ್ವೇನಲೇ?" ಎಂದ ಪೇದೆ ಸೂಗಪ್ಪ.

ಪಂಚನಾಮೆ ಬರೆಸುವಾಗ ಯಂಕೋಬ ಪಿಯಾನೊ ಮೇಲೆ ತೆರೆದಿದ್ದ ಮುದ್ರಿತ ಪುಸ್ತಕಕ್ಕೆ ಬಾಗಿದ. ಪುಟದ ನಡುವೆ ರಬ್ಬರಿನ ಪುಡಿ ಉಳಿದಿತ್ತು.

ಅಂಬಪ್ಪ ಬೆಚ್ಚಿದ. "ಇಲ್ಲೊಂದು ಕೆಂಪು ಪೆನ್ಸಿಲ್ಲಿನ ಗುರುತು ಹಾಕಿದ್ನಿ, ಅಳಿಸ್ಯಾರ. ಅಚ್ಚಿನ್ಯಾಗ ಈ ಸ್ವರ ಅರ್ಧ ಏರೈತಿ, ಕೈಬರಹದಾಗ ಇಲ್ಲ. ಅಚ್ಚಿನವ್ರ ತಪ್ಪು."

ಉಳಿದ ಪುಟಗಳ ಕೆಂಪು ಗುರುತುಗಳೆಲ್ಲ ಹಾಗೇ ಇದ್ದವು. ಕಳ್ಳನಿಗೆ ಬೇಕಾಗಿದ್ದುದು ಈ ಒಂದು ಸ್ವರ.

"ಇದನ್ನ ಯಾರ ಮುಂದ ಹೇಳಿದ್ರಿ?"

"ಮೊನ್ನೆ ಇಲ್ಲಿ ಯಾವ್ದೋ ಹುಡುಗಿ ನುಡಿಸಿದ ಕ್ಯಾಸೆಟ್ ಹಾಕಿದ್ರು. ಇಲ್ಲೇ ತಪ್ಪ್ಯಾಳ ನೋಡ್ರಿ ಅಂತ ನಕ್ಕೆ."

ದುರುಗಪ್ಪ ತಲೆ ಎತ್ತಿದ. "ಅದು ಮಸ್ಕಿ ಕನಕಮ್ಮ ಟೀಚರ್ ಮಗಳ್ರೀ, ಸೂಗಮ್ಮ. ಇದೇ ಪಿಯಾನೊ ಮ್ಯಾಲೆ ಕಲ್ತಾಕಿ, ಜ್ವರದಾಗ ಹೋದ್ಳು. ಆಕಿ ತಿಥಿಗೆ ಹಾಕ್ತಾರ್ರೀ ಅದನ್ನ. ಇವ್ರು ನಗುವಾಗ ಟೀಚರ್ ಹಿಂದೇ ನಿಂತಿದ್ರು."

"ಆಮ್ಯಾಲೆ ಬಂದಿದ್ರೇನು?"

"ನಿನ್ನೆ ಬಂದಿದ್ರು. ವಾರಕ್ಕೊಮ್ಮೆ ಬಂದು ಪಿಯಾನೊ ಒರಸ್ತಾರ್ರೀ. ಕೀಲಿ ನಾನೇ ಕೊಡ್ತೀನಿ."

"ಮತ್ತ ಯಾರೂ ಬಂದಿಲ್ಲ ಅಂದಿ?"

"ಅವ್ರನ್ನ ಹೊರಗಿನವ್ರಾಗ ಎಣಿಸಿಲ್ರೀ ನಾ."

ಸಂಜೆ ಮಸ್ಕಿಯ ಮನೆಯಲ್ಲಿ ಶೋಧ ನಡೆಸುವ ಅಗತ್ಯವೇ ಬೀಳಲಿಲ್ಲ. ಕನಕಮ್ಮ ತಾನೇ ಟ್ರಂಕು ತೆರೆದಳು. ಮಗಳ ಲಂಗದ ಮಡಿಕೆಯಲ್ಲಿ ಹಾಳೆಗಳಿದ್ದವು. ಅವೇ ಎಂದು ಜೊತೆಗೆ ಬಂದಿದ್ದ ಅಂಬಪ್ಪ ಗುರುತಿಸಿದ.

"ಇವು ಇಲ್ಲದಿದ್ರ ಅಚ್ಚಿಂದೇ ಖರೆ ಅಂತಾರ ಅನ್ಕೊಂಡು ಒಲಿ ಮುಂದ ಕುಂತಿದ್ದೆ. ಸುಡಾಕ ಕೈ ಬರ್ಲಿಲ್ಲ," ಎಂದಳು. "ಆ ಪುಸ್ತಕ ನೋಡೇ ಆಕಿಗೆ ಕಲಿಸಿದ್ನಿ. ಅದರಾಗ ಇದ್ದಂಗ ನುಡಿಸ್ಯಾಳ. ಆಕಿ ತಪ್ಪಿಲ್ರೀ."

ಜಪ್ತಿ ಪಂಚನಾಮೆಗೆ ಪಂಚರು ಸಹಿ ಹಾಕಿದರು. ಮಹಿಳಾ ಪೇದೆ ಯಂಕಮ್ಮ ಕನಕಮ್ಮನನ್ನು ದಸ್ತಗಿರಿ ಮಾಡಿ ಬಾಗಿಲಿಗೆ ಕರೆತಂದಳು. ಕನಕಮ್ಮ ಅಂಬಪ್ಪನ ಎದುರು ನಿಂತಳು.

"ಹೊಸ ಪುಸ್ತಕದಾಗ ತಪ್ಪು ಅಂತ ಬರೀತೀರೇನ್ರಿ?"

ಅಂಬಪ್ಪ ಇಲ್ಲವೆಂದು ತಲೆಯಾಡಿಸಿದ. "ಕೈಬರಹದ್ದು ಮ್ಯಾಲೆ ಹಾಕ್ತೀನ್ರೀ. ನಿಮ್ಮಾಕಿ ನುಡಿಸಿದ್ದು ಅದರ ಕೆಳಗ, ಪಾಠಾಂತರ, ಅಂದ್ರ ಇನ್ನೊಂದು ರೀತಿ, ಅಂತ."

ಅವಳು ಚಪ್ಪಲಿ ಮೆಟ್ಟಿ ಜೀಪು ಹತ್ತಿದಳು.

ಠಾಣೆಯಲ್ಲಿ ಯಂಕೋಬ ಕೇಸ್ ಡೈರಿ ಬರೆದ. ಕಾರಣ: ಮಗಳು ತಪ್ಪು ನುಡಿಸಿದಳೆಂದು ಫಿರ್ಯಾದಿ ನಕ್ಕದ್ದು. ಒಮ್ಮೆ ಓದಿ ನೋಡಿದ. 'ತಪ್ಪು' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಬೇರೆ' ಎಂದು ಬರೆದು ಸಹಿ ಮಾಡಿದ.