ಹೊಲಿಯದೆ ಬಿಟ್ಟ ಆಲ್ಬಂ

ಕಣ್ಣು ಮುಚ್ಚಿಕೊಂಡು ಮೂರನೇ ಹಾಳೆಯ ಮೇಲೆ ಬೆರಳಾಡಿಸುತ್ತಿದ್ದೆ. ಎದುರಿನಿಂದ ಒಂದು ದನಿ ಬಂತು.

"ಮೇಡಂ, ನಿದ್ದೆ ಬಂತಾ?"

"ಹಾಳೆ ಆರಿಸ್ತಿದ್ದೀನಿ."

"ಸಾಮಾನ್ಯವಾಗಿ ಜನ ಅದಕ್ಕೆ ಕಣ್ಣು ಬಳಸ್ತಾರೆ."

"ನಾನು ಸಾಮಾನ್ಯ ಜನ ಅಲ್ಲ."

ಆಮೇಲೆ ಕಣ್ಣು ತೆರೆದೆ. ತೋಳಿನ ಮೇಲೆ ಒಣಗಿದ ಗೋಂದು, ಕಿವಿಯ ಹಿಂದೆ ಪೆನ್ಸಿಲು, ಹುಬ್ಬಿನಲ್ಲೊಂದು ನಗು. ತುಟಿಗೆ ಇಳಿಯಲೋ ಬೇಡವೋ ಎಂದು ಆ ನಗು ಅಲ್ಲೇ ಕಾಯುತ್ತಿತ್ತು.

ಇವನೇ, ಅಂದುಕೊಂಡೆ. ಅಜ್ಜಿಯ ಕತೆ ಕೇಳಿ ಬೆಳೆದವರಿಗೆ ಇಂಥದ್ದೆಲ್ಲ ಬೇಗ ಗೊತ್ತಾಗುತ್ತೆ. ಅವನಿಗೆ ಗೊತ್ತಾಗಲು ನಾಲ್ಕು ದಿನ ಹೆಚ್ಚು ಬೇಕಾಗಬಹುದು. ಪರವಾಗಿಲ್ಲ, ಕಾಯಬಲ್ಲೆ.

ಆಲ್ಬಂ, ಫೈಲು, ಬೈಂಡಿಂಗ್ ಎಲ್ಲ ಒಂದೇ ಕಡೆ ಸಿಗುವ ಅಂಗಡಿ ಅದು. ಮುಂದಿನ ಕೌಂಟರಿನಲ್ಲಿ ಅವನ ಅಕ್ಕ, ಹಿಂದೆ ಕಿಟಕಿಯ ಪಕ್ಕದ ಉದ್ದ ಮೇಜಿನಲ್ಲಿ ಅವನು. ನಾನು ಚೀಲದಿಂದ ಅಜ್ಜಿಯ ನೋಟ್‌ಬುಕ್ ತೆಗೆದಿಟ್ಟೆ. ಇಡುವಷ್ಟರಲ್ಲೇ ಎರಡು ಸ್ಟ್ಯಾಂಪು ಉದುರಿದವು.

ಅಜ್ಜಿ ಮೂವತ್ತು ವರ್ಷ ಒಂದು ಹಡಗು ಕಂಪನಿಯ ಟಪಾಲು ವಿಭಾಗದಲ್ಲಿದ್ದಳು. ಖಾಲಿ ಕವರುಗಳಿಂದ ಕತ್ತರಿಸಿ ತಂದು, ಮನೆಯಲ್ಲೇ ಕುದಿಸಿದ ಅಂಟಿನಿಂದ ಅಂಟಿಸಿದ ಇನ್ನೂರ ಹನ್ನೆರಡು ಸ್ಟ್ಯಾಂಪುಗಳು. ಅಂಟು ಈಗ ಸೋತಿತ್ತು. "ಕತೆ ಉದುರ್ತಾ ಇದೆ ಕಣೇ ಗುಬ್ಬಿ" ಎಂದು ಅಜ್ಜಿ ಹೇಳುತ್ತಲೇ ಇದ್ದಳು.

"ಅಜ್ಜಿ ಕಣ್ಣು ಮಂಜಾಗ್ತಿದೆ" ಎಂದೆ ಅವನಿಗೆ. "ಡಾಕ್ಟರು ಇನ್ನು ಕೆಲವೇ ತಿಂಗಳು ಕಾಣುತ್ತೆ ಅಂದಿದ್ದಾರೆ. ಒಂದು ಸಲ ಕಣ್ತುಂಬ ನೋಡ್ಬೇಕಂತೆ, ಆಮೇಲೆ ಬೆರಳಲ್ಲೇ ನೋಡ್ತಾರಂತೆ."

ನಗು ಹುಬ್ಬಿನಿಂದ ಇಳಿದುಹೋಯಿತು. ನಾನು ಮೆಚ್ಚಿದ್ದ ಪ್ಲಾಸ್ಟಿಕ್ ಜೇಬಿನ ಹಾಳೆಯನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿದ. "ಇದು ಬೇಡ. ಸೆಖೆಗೆ ಸ್ಟ್ಯಾಂಪಿನ ಬಣ್ಣ ಎಳ್ಕೊಂಡುಬಿಡುತ್ತೆ." ಮೇಲಿನ ಗೂಡಿನಿಂದ ಕಪ್ಪು ದಪ್ಪ ಹಾಳೆಯೊಂದನ್ನು ತೆಗೆದ. ಅದರ ಮೇಲೆ ಸಾಲುಸಾಲಾಗಿ ತೆಳು ಪಾರದರ್ಶಕ ಪಟ್ಟಿಗಳು. ಒಂದರೊಳಗೆ ಹಳೆಯ ಸ್ಟ್ಯಾಂಪು ತೂರಿಸಿ, "ಈಗ ಮುಚ್ಚಿ ಕಣ್ಣು" ಎಂದ.

ಮುಚ್ಚಿದೆ. ಪಟ್ಟಿಯ ಅಂಚು ಬೆರಳಿಗೆ ಸಿಕ್ಕಿತು. ಒಳಗಿನ ಸ್ಟ್ಯಾಂಪಿನ ಪುಟ್ಟ ಪುಟ್ಟ ಹಲ್ಲುಗಳೂ ಸಿಕ್ಕವು.

"ಇದೇ" ಎಂದೆ. "ಒಳ್ಳೆ ಬಟ್ಟೆ ರಟ್ಟು ಹಾಕಿ ಹೊಲಿದುಕೊಡಿ."

"ಹೊಲಿದ್ರೆ ಮುಂದೆ ಒಂದು ಹಾಳೇನೂ ಸೇರಿಸೋಕಾಗಲ್ಲ. ರಿಂಗ್ ಬೈಂಡರ್ ತಗೊಳ್ಳಿ. ಯಾವಾಗ ಬೇಕಾದ್ರೂ ಬಿಚ್ಚಬಹುದು, ಸೇರಿಸಬಹುದು."

"ಸೇರಿಸೋಕೆ ಏನೂ ಇಲ್ಲ. ಕತೆ ಮುಗಿದಿದೆ."

"ಯಾವ ಕತೆ?"

ಅಷ್ಟರಲ್ಲಿ ನನ್ನ ಬಸ್ಸು ತಿರುವಿನಲ್ಲಿ ಕಾಣಿಸಿತು. "ಬುಧವಾರ ಬಂದು ಹೇಳ್ತೀನಿ" ಎಂದು ನೋಟ್‌ಬುಕ್ ಅಲ್ಲೇ ಬಿಟ್ಟು ಓಡಿದೆ. ಅರ್ಧ ಹೇಳಿ ಓಡುವುದು ನನ್ನ ಹುಟ್ಟುಗುಣ.

ಬುಧವಾರ ಹೋದಾಗ ಅವನು ಬಾಗಿಲಲ್ಲೇ ಕಾಯುತ್ತಿದ್ದ, ಕಣ್ಣಲ್ಲಿ ಹಬ್ಬ. "ಬನ್ನಿ, ಒಂದು ತೋರಿಸ್ತೀನಿ."

ಮೇಜಿನ ಮೇಲೆ ಇನ್ನೂರ ಹನ್ನೆರಡು ಸ್ಟ್ಯಾಂಪು. ಒದ್ದೆ ಒತ್ತುಕಾಗದ ಇಟ್ಟು ಅಂಟು ಮೆತ್ತಗಾಗಿಸಿ, ಒಂದರ ಹಲ್ಲೂ ಮುರಿಯದಂತೆ ಬಿಡಿಸಿದ್ದ. ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಎಲ್ಲವೂ ಹೊಳೆಯುತ್ತಿದ್ದವು. ಮತ್ತು ದೇಶದ ಪ್ರಕಾರ, ಇಸವಿಯ ಪ್ರಕಾರ ನೀಟಾಗಿ ಸಾಲಾಗಿ ನಿಂತಿದ್ದವು.

ನಾನು ಸಾಲಿನಿಂದ ಸಾಲಿಗೆ ಹುಡುಕಿದೆ.

"ಚೆನ್ನಾಗಿಲ್ವಾ?"

"ಕುದುರೆ ಎಲ್ಲಿ?" ಎಂದೆ. "ರಾಜಕುಮಾರಿ ಕುದುರೆ ಹತ್ತಬೇಕಿತ್ತು. ಇವಳ ಪಕ್ಕ ಈ ಮುದುಕ ಮಂತ್ರಿ ಯಾಕೆ ನಿಂತಿದ್ದಾನೆ? ತಲೆಗೆ ಕೊಡ ಕವುಚಿಕೊಂಡಿರೋ ಮಾಂತ್ರಿಕ ಎಲ್ಲಿ?"

"ಅದು... ಗಗನಯಾತ್ರಿ."

"ನಿಮಗೆ ಗಗನಯಾತ್ರಿ! ಇದು ಆಲ್ಬಂ ಅಲ್ಲ ರೀ, ಕತೆ! ಪುಟದಿಂದ ಪುಟಕ್ಕೆ ಒಂದೇ ಕತೆ. ಅಜ್ಜಿ ಬೆರಳಿಟ್ಟು ಹೇಳ್ತಾ ಹೋಗ್ತಾರೆ. ಈ ಸಾಲಲ್ಲಿ ಬೆರಳಿಟ್ರೆ ಅವರಿಗೆ ಏನು ಸಿಗುತ್ತೆ? ಇಸವಿ?"

ಕೌಂಟರಿನಿಂದ ಅವನ ಅಕ್ಕ ಕೂಗಿ ಹೇಳಿದರು. "ನಾನು ಬೇಡ ಅಂದೆ ಕಣಮ್ಮಾ. ಅವನು ಅಡುಗೆಮನೆ ಡಬ್ಬಿಗಳನ್ನೂ ತಾರೀಕಿನ ಪ್ರಕಾರ ಜೋಡಿಸೋನು."

ಅವನು ನಗಲಿಲ್ಲ, ಸಬೂಬನ್ನೂ ಹೇಳಲಿಲ್ಲ. ಸುಣ್ಣದ ಗೋಡೆಯಂತೆ ಬಿಳಿಚಿಕೊಂಡು ನಿಂತಿದ್ದವನು ಒಂದೇ ಮಾತು ಕೇಳಿದ. "ನಿಮಗೆ ಕತೆ ಪೂರ್ತಿ ಬರುತ್ತಾ?"

"ಶುರು ಬರುತ್ತೆ, ಕೊನೆ ಬರುತ್ತೆ. ಮಧ್ಯೆ ಯಾವಾಗಲೂ ನಿದ್ದೆ ಹೋಗ್ತಿದ್ದೆ. ಅಜ್ಜೀನ ಕೇಳೋ ಹಾಗಿಲ್ಲ, ಕತೆ ಕಲಸಿಹೋಗಿದೆ ಅಂತ ಹೇಗೆ ಹೇಳಲಿ?" ಎಂದೆ. ಹೇಳುವಾಗ ಅಳು ಬಂದೇಬಿಟ್ಟಿತು.

ಅವನು ಡ್ರಾಯರಿನಿಂದ ಅಜ್ಜಿಯ ನೋಟ್‌ಬುಕ್ ತೆಗೆದ, ಖಾಲಿಯಾದದ್ದು. ಬೆಳಕಿಗೆ ಹಿಡಿದ. ಹಾಳೆಯೆಲ್ಲ ಚಹಾದ ಬಣ್ಣಕ್ಕೆ ತಿರುಗಿತ್ತು, ಸ್ಟ್ಯಾಂಪು ಕೂತಿದ್ದ ಜಾಗ ಮಾತ್ರ ಬೆಳ್ಳಗೇ ಉಳಿದಿತ್ತು. ಪುಟದ ತುಂಬ ಪುಟ್ಟ ಪುಟ್ಟ ಬಿಳಿ ಕಿಟಕಿಗಳು.

"ಅಳತೆ ನಾನು ನೋಡ್ತೀನಿ" ಎಂದ. "ಒಂದೇ ಅಳತೆಯವು ಬಂದಾಗ ನೀವು ಕತೆ ಹೇಳಿ."

ಮೂರು ಮಧ್ಯಾಹ್ನ ಹಾಗೇ ಕಳೆಯಿತು. ಅವನು ಚಿಮುಟದಲ್ಲಿ ಸ್ಟ್ಯಾಂಪು ಹಿಡಿದು, ಉಸಿರು ಬಿಗಿಹಿಡಿದು, ಬಿಳಿ ಕಿಟಕಿಯ ಮೇಲೆ ಇಟ್ಟು ನೋಡುತ್ತಿದ್ದ. ನಾನು ಹೇಳುತ್ತಿದ್ದೆ: ಅರಮನೆಯ ಕಿಟಕಿ ಚಿಕ್ಕದಾಯಿತೆಂದು ಮನೆ ಬಿಟ್ಟು ಹೊರಟ ನೀಲಿ ರಾಜಕುಮಾರಿ, ಒಂದು ಕಾಲು ಎತ್ತಿದ ಕುದುರೆ, ಸೇತುವೆ, ತಿಮಿಂಗಿಲ.

"ತಿಮಿಂಗಿಲ ಮೊದಲಾ, ಹಡಗು ಮೊದಲಾ?"

"ಹಡಗಿಲ್ಲದೆ ಸಮುದ್ರಕ್ಕೆ ಹೇಗೆ ಹೋಗ್ತಾಳೆ? ಬುದ್ಧಿ ಬೇಡ್ವಾ?"

"ಕುದುರೆ ಈಜಲ್ವಾ?"

ನಾನು ನಕ್ಕುಬಿಟ್ಟೆ. ಅವನು ಬೆರಗಾಗಿ ನೋಡಿದ. ಚಿಮುಟದ ತುದಿಯಲ್ಲಿ ಕುದುರೆ ಗಾಳಿಯಲ್ಲೇ ನಿಂತಿತ್ತು, ಪಾಪ. ನೋಟ ಸಿಕ್ಕಿಬಿದ್ದದ್ದು ಗೊತ್ತಾಗಿ ಅವನ ಕಿವಿ ಕೆಂಪಗಾಯಿತು, ಮೊದಲು ಎಡಗಿವಿ, ಆಮೇಲೆ ಬಲಗಿವಿ. ಅದನ್ನೂ ಕ್ರಮವಾಗಿಯೇ ಮಾಡುತ್ತಾನೆ ಅಂದುಕೊಂಡೆ.

ಕೊನೆಯ ದಿನ ನಾನು ಕಡ್ಡಿ ಮುರಿದಂತೆ ಹೇಳಿದೆ. "ಹೊಲಿದುಬಿಡಿ. ಇನ್ನು ಯಾರೂ ಕಲಸಬಾರದು."

"ಹೊಲೀತೀನಿ. ಆದ್ರೆ ಮೊದಲು ಅಜ್ಜಿ ಒಪ್ಪಲಿ. ಅಲ್ಲೀವರೆಗೆ ರಿಂಗಿನಲ್ಲಿರಲಿ."

ಭಾನುವಾರ ಅವನೇ ಬೈಂಡರ್ ಹೊತ್ತುಕೊಂಡು ಮನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಹಿಂದೆ ಮರೆತ ಪೆನ್ಸಿಲು. ಅಜ್ಜಿ ಕಿಟಕಿಯ ಬೆಳಕಿಗೆ ಕುರ್ಚಿ ಎಳೆಸಿಕೊಂಡು, ಮುಖವನ್ನು ಹಾಳೆಗೆ ತಾಗಿಸುವಷ್ಟು ಬಗ್ಗಿಸಿ ಒಂದೊಂದೇ ನೋಡಿದಳು. ಆಮೇಲೆ ತಾನೇ ಕಣ್ಣು ಮುಚ್ಚಿ, ಬೆರಳಿನಲ್ಲಿ ಮೊದಲಿನಿಂದ ಹೊರಟಳು.

ನಾನು ಬೆರಳಿನ ಜೊತೆಗೇ ಪುಟ ಎಣಿಸಿದೆ. ಅವನೂ ಅಷ್ಟೇ.

ಏಳನೇ ಪುಟದಲ್ಲಿ ಬೆರಳು ನಿಂತಿತು. ಅಜ್ಜಿ ಒಂದು ಕಣ್ಣು ತೆರೆದು ಬಗ್ಗಿ ನೋಡಿದಳು. "ಇಲ್ಲಿ ದೀಪಸ್ತಂಭ ಇರಬೇಕಿತ್ತು. ಮಾಂತ್ರಿಕ ಬಂದು ಕೂತಿದ್ದಾನೆ."

"ಎರಡೂ ಒಂದೇ ಅಳತೆ ಅಜ್ಜಿ" ಎಂದ ಅವನು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನ ದನಿಯಲ್ಲಿ. "ಈಗಲೇ ಬದಲಾಯಿಸ್ತೀನಿ."

"ತಡಿಯಪ್ಪಾ." ಅಜ್ಜಿಯ ಬೆರಳು ಹಿಂದೆ ಹೋಯಿತು, ಮುಂದೆ ಬಂತು. "ಹಾಂ. ದೀಪ ಇರಲಿಲ್ಲ, ಕತ್ತಲು. ಅದಕ್ಕೇ ಮಾಂತ್ರಿಕ ಬಂದ. ಅವನ ಕೊಡದೊಳಗೇ ಇತ್ತು ನೋಡು ದೀಪ! ಇದೇ ಚೆನ್ನಾಗಿದೆ, ಬಿಡು."

"ಅಜ್ಜೀ! ಮೂರು ದಿನ ಅತ್ತಿದ್ದೀನಿ ನಾನು, ಒಂದೂ ಆಚೀಚೆ ಆಗಬಾರದು ಅಂತ!"

"ಯಾರೇ ಅಳು ಅಂದಿದ್ದು? ನೀನು ನಿದ್ದೆ ಹೋದ ಮೇಲೆ ದಿನಾ ಒಂದೊಂದು ಥರ ಹೇಳ್ಕೊತಿದ್ದೆ ನಾನು." ಅಜ್ಜಿ ಅವನತ್ತ ತಿರುಗಿದಳು. "ಒಂದೇ ಕೊರತೆ ಕಣಪ್ಪಾ. ಮೂವತ್ತು ವರ್ಷ ಕವರು ಬಿಡಿಸಿದೆ, ಒಂದರಲ್ಲಾದ್ರೂ ಒಬ್ಬ ರಾಜಕುಮಾರ ಬರಲಿಲ್ಲ. ಬಂದವರೆಲ್ಲ ಮೀಸೆ ಹೊತ್ತ ಮುದುಕರೇ. ನನ್ನ ಹುಡುಗಿ ಒಬ್ಬಳೇ ಊರೆಲ್ಲ ಸುತ್ತಿದಳು. ಅದಕ್ಕೇನೂ ಬೇಜಾರಿಲ್ಲ ಅನ್ನು, ಗಟ್ಟಿಗಿತ್ತಿ ಅವಳು."

ಅಜ್ಜಿ ಹೇಳಿದ್ದು ಯಾರ ವಿಷಯವೋ, ಅವನು ನೋಡಿದ್ದು ಮಾತ್ರ ನನ್ನನ್ನು. ಹೊರಡುವಾಗ ಬಾಗಿಲಲ್ಲಿ ಕೇಳಿದ.

"ಹಾಗಾದ್ರೆ ಹೊಲಿಯೋದಾ, ಬಿಡೋದಾ?"

"ಯೋಚಿಸಿ ಹೇಳ್ತೀನಿ" ಎಂದೆ. ಜೀವನದಲ್ಲಿ ಮೊದಲ ಸಲ ಯೋಚಿಸಲು ಸಮಯ ಕೇಳಿದ್ದೆ.

ಗುರುವಾರ ಅಂಚೆಯವನು ಒಂದು ಕವರು ಕೊಟ್ಟುಹೋದ. ಅಂಗಡಿಯಿಂದ ನಮ್ಮ ಮನೆಗೆ ಎರಡು ಬಸ್ ನಿಲ್ದಾಣದಷ್ಟೇ ದೂರ. ಆ ಎರಡು ನಿಲ್ದಾಣ ದಾಟಲು ಪತ್ರಕ್ಕೆ ಮೂರು ದಿನ ಹಿಡಿದಿತ್ತು. ಅಕ್ಷರಗಳು ಗೆರೆ ಎಳೆದ ಹಾಗೆ ನೆಟ್ಟಗಿದ್ದವು.

"ಅಂಚೆ ಕಚೇರಿಯಲ್ಲಿ ರಾಜಕುಮಾರನ ಸ್ಟ್ಯಾಂಪು ಕೇಳಿದೆ, ಇಲ್ಲ ಅಂದರು. ಇದ್ದದ್ದು ಇದೊಂದೇ. ನನಗೆ ಕತೆ ಹೇಳಲು ಬರುವುದಿಲ್ಲ, ಜೋಡಿಸಲು ಮಾತ್ರ ಬರುತ್ತದೆ. ಅದೂ ತಪ್ಪುತ್ತದೆ, ನೀವೇ ನೋಡಿದ್ದೀರಿ. ನೀವು ಕಣ್ಣು ಮುಚ್ಚಿ ಹಾಳೆ ಆರಿಸಿದ ದಿನದಿಂದ ನನ್ನ ಮೇಜಿನ ಮೇಲೆ ಒಂದು ಬಿಳಿ ಕಿಟಕಿ ಉಳಿದುಬಿಟ್ಟಿದೆ. ನಿಮ್ಮದೇ ಅಳತೆಯದು. ಬೇರೇನಿಟ್ಟರೂ ಕೂರುತ್ತಿಲ್ಲ. ಬರುತ್ತೀರಾ?"

ಎರಡು ಸಲ ಓದಿದೆ. ಮೂರನೇ ಸಲ ಅಜ್ಜಿಗೆ ಕೇಳುವಂತೆ ಓದಿದೆ. ಆಮೇಲೆ ಕವರಿನ ಮೂಲೆ ಕತ್ತರಿಸಿ ಅಜ್ಜಿಯ ಅಂಗೈಯಲ್ಲಿಟ್ಟೆ. ಅವಳು ಸ್ಟ್ಯಾಂಪಿನ ಹಲ್ಲುಗಳನ್ನು ಸವರಿದಳು.

"ಇದರಲ್ಲಿ ಯಾರಿದ್ದಾರೆ?"

"ಗೂಬೆ."

"ಗೂಬೆಯಾ?" ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಷ್ಟೇನಾ! ಶಾಪ ತಗುಲಿದ ರಾಜಕುಮಾರ ಕಣೇ ಅದು. ಹೋಗು, ಹೋಗಿ ಬಿಡಿಸು."

ನಾನು ನಡೆದೇ ಹೋದೆ, ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಅಂಗಡಿಯ ಅಕ್ಕ ನನ್ನ ಮುಖ ನೋಡಿದ್ದೇ, ಏನೂ ಕೇಳದೆ ಒಳಗಿನ ಮೇಜಿನತ್ತ ಕೈ ತೋರಿಸಿದರು. ಅವನು ಎದ್ದು ನಿಂತ. ಕಿವಿಗಳು ಈಗಾಗಲೇ ಕೆಂಪಗಿದ್ದವು, ಎರಡೂ ಒಟ್ಟಿಗೆ.

"ಹೊಲಿಯೋದು ಬೇಡ" ಎಂದೆ. "ಗೂಬೆಗೆ ಜಾಗ ಬೇಕು."

ಅವನು ಮೇಲಿನ ಗೂಡಿನಿಂದ ಕಪ್ಪು ಹಾಳೆಗಳ ಕಟ್ಟು ಇಳಿಸಿದ. ಆಮೇಲೆ ತನಗೆ ಚೆನ್ನಾಗಿ ಬರುವ ಪ್ರಶ್ನೆಯನ್ನೇ ಕೇಳಿದ. "ಖಾಲಿ ಹಾಳೆ... ಎಷ್ಟು ಹಾಕಲಿ?"

"ಒಂದು ಬೈಂಡರಿನಲ್ಲಿ ಎಷ್ಟು ಹಿಡಿಯುತ್ತೆ?"

"ಅರವತ್ತು."

ನಾನು ಕಣ್ಣು ಮುಚ್ಚಿ ಕೈ ಚಾಚಿದೆ. ಒಣಗಿದ ಗೋಂದಿನ ಒರಟು ಬೆರಳುಗಳು ಸಿಕ್ಕವು. ಇದೇ, ಅಂದುಕೊಂಡೆ.

"ಅರವತ್ತು ಸಾಕಾಗಲ್ಲ" ಎಂದೆ.