ಪಟಾಕಿ ಹೂಳಾದಳು

“ಕೈ ಮೇಲೆತ್ತು. ಇನ್ನೂ ಸ್ವಲ್ಪ. ಕ್ಯಾಪ್ಟನ್ ಅಂದ್ಮೇಲೆ ದುರ್ಬೀನು ಹಿಡಿದು ನೋಡ್ಬೇಕಲ್ವಾ, ಕಂಕುಳಲ್ಲಿ ಬಿಗಿ ಆಗ್ಬಾರ್ದು.”

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅಜ್ಜಿ ಇಷ್ಟನ್ನೂ ಹೇಳಿದರು. ಪಟಾಕಿ ಕೈ ಎತ್ತಿದಳು. ಬಾಯಿ ಮಾತ್ರ ತೆರೆಯಲಿಲ್ಲ. ಇದು ಆ ಮನೆಯಲ್ಲಿ ಅಪರೂಪದ ಸಂಗತಿ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಸ್ಕೂಲಿನ ಹಾಜರಿಯಲ್ಲಿ ಮಾತ್ರ ಉಳಿದಿತ್ತು. ಹುಡುಗಿ ಒಮ್ಮೆ ಮಾತು ಶುರು ಮಾಡಿದರೆ ಸರಪಟಾಕಿಗೆ ಬೆಂಕಿ ತಗುಲಿದ ಹಾಗೆ, ನಡುವೆ ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಮನೆ, ಸ್ಕೂಲು, ಬೀದಿ ಎಲ್ಲ ಕಡೆಯೂ ಅವಳು ಪಟಾಕಿ.

ಅಜ್ಜಿ ಹೊಲಿಗೆ ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಕಣ್ಣು ಮಂಜು, ಬೆರಳು ಮಾತ್ರ ಚುರುಕು. ಅಜ್ಜನ ಹಳೆಯ ನೀಲಿ ಕೋಟನ್ನು ಬಿಚ್ಚಿ, ಕತ್ತರಿಸಿ, ಮೊಮ್ಮಗಳ ಅಳತೆಗೆ ಹೊಲಿಯುತ್ತಿದ್ದರು. ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿ ಬೇರೆ. ಒಂದೊಂದು ಗುಂಡಿ ಕೂತಾಗಲೂ ಪಟಾಕಿ ಮುಖ ಆಚೆ ತಿರುಗಿಸುತ್ತಿದ್ದಳು. ಏಕೆಂದರೆ ಅವಳು ಕ್ಯಾಪ್ಟನ್ ಆಗಿರಲಿಲ್ಲ.

ಅವಳು ಬೇಕೆಂದು ಸುಳ್ಳು ಹೇಳಿದ್ದಲ್ಲ. ಸ್ವಲ್ಪ ಆತುರಪಟ್ಟಿದ್ದಳು, ಅಷ್ಟೆ.

ಹಿಸ್ಟರಿ ಮಿಸ್ ಈ ಸಲ ನಮ್ಮ ನದಿಯ ಪಾಠವನ್ನು ಕ್ಲಾಸಿನಲ್ಲಿ ಮಾಡುವುದಿಲ್ಲ, ಗ್ರೌಂಡಿನಲ್ಲಿ ಆಡಿ ತೋರಿಸೋಣ ಎಂದಿದ್ದರು. ನದಿ ಸಮುದ್ರ ಸೇರುವ ಕಡೆ ಹಿಂದೆ ದೊಡ್ಡ ಬಂದರಿತ್ತಂತೆ. ದೂರದೂರದ ಹಡಗುಗಳು ಬರುತ್ತಿದ್ದವಂತೆ. ಆಮೇಲೆ ಬಂದರು ಮುಚ್ಚಿಹೋಯಿತಂತೆ. ಅದರ ಕತೆಯನ್ನು ಮಕ್ಕಳೆಲ್ಲ ಸೇರಿ ಆಡಬೇಕು, ಮನೆಯವರು ಬಂದು ನೋಡಬೇಕು. ಒಬ್ಬ ಕ್ಯಾಪ್ಟನ್ನೂ ಇರುತ್ತಾನೆ.

ಪಟಾಕಿಗೆ ಅಷ್ಟೇ ಸಾಕಾಯಿತು. ಇಡೀ ಕ್ಲಾಸಿನಲ್ಲಿ ಗೇಟಿನ ತನಕ ಕೇಳಿಸುವ ಗಂಟಲು ಬೇರೆ ಯಾರಿಗಿದೆ? ಮನೆಗೆ ಓಡಿ ಬಂದವಳೇ ತಾನೇ ಕ್ಯಾಪ್ಟನ್ ಎಂದು ಸಾರಿಬಿಟ್ಟಳು. ಅಜ್ಜಿ ಅವತ್ತೇ ಪೆಟ್ಟಿಗೆಯಿಂದ ಕೋಟು ತೆಗೆದರು.

ಮಾರನೆಯ ದಿನ ಮಿಸ್ ಯಾರಿಗೆ ಯಾವ ಪಾರ್ಟು ಎಂದು ಹೇಳಿದರು. ಕ್ಯಾಪ್ಟನ್, ಲಂಬು. ಆ ಉದ್ದನೆಯ ಹುಡುಗ ಮಾತಾಡಿದರೆ ಪಕ್ಕದ ಬೆಂಚಿಗೂ ಕೇಳಿಸುವುದಿಲ್ಲ. ಪಟಾಕಿಗೆ ಸಿಕ್ಕಿದ್ದು ಹೂಳು.

“ಹೂಳು ಅಂದ್ರೆ ಕೆಸರಲ್ವಾ ಮಿಸ್?” ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು.

ನದಿ ಬೆಟ್ಟದಿಂದ ನುಣ್ಣನೆಯ ಮಣ್ಣು ಹೊತ್ತು ತರುತ್ತದೆ, ಸಮುದ್ರದ ಹತ್ತಿರ ನೀರು ನಿಧಾನವಾದಾಗ ಆ ಮಣ್ಣು ತಳದಲ್ಲಿ ಕೂರುತ್ತದೆ, ಅದೇ ಹೂಳು ಎಂದು ಮಿಸ್ ವಿವರಿಸಿದರು. ಹೂಳಿಗೆ ಒಂದೇ ಒಂದು ಡೈಲಾಗೂ ಇರಲಿಲ್ಲ.

ಪಟಾಕಿ ಸುಮ್ಮನೆ ಬಿಡುವವಳಲ್ಲ. ಪಾರ್ಟು ಅದಲು ಬದಲು ಮಾಡಿಕೊಳ್ಳೋಣವೇ ಎಂದು ಲಂಬುವನ್ನು ಕೇಳಿದಳು. ಡೈಲಾಗಿನ ಭಯಕ್ಕೆ ರಾತ್ರಿ ನಿದ್ದೆ ಬಾರದ ಲಂಬು ಕೂಡಲೇ ಒಪ್ಪಿದ. ಮಿಸ್ ಒಪ್ಪಲಿಲ್ಲ. ರಿಹರ್ಸಲ್ಲಿನಲ್ಲಿ ಅವಳು ಒಂದು ಡೈಲಾಗನ್ನು ತಾನೇ ಸೇರಿಸಿ, “ಎಲ್ರೂ ಜಾಗ ಬಿಡಿ, ಹೂಳು ಬಂತು” ಎಂದು ಗ್ರೌಂಡು ನಡುಗುವಂತೆ ಕೂಗಿ ನೋಡಿದಳು.

“ಹೂಳು ಹೇಳಿ ಕೇಳಿ ಬರಲ್ಲ ಕಣಮ್ಮ” ಎಂದರು ಮಿಸ್. “ಬಂದಿದ್ದೇ ಗೊತ್ತಾಗ್ಬಾರ್ದು. ಅದೇ ಅದರ ಆಟ.”

ಒಂದು ಪೀರಿಯಡ್ಡಾದರೂ ಕಿವಿಗೆ ನೆಮ್ಮದಿ ಸಿಗಲಿ ಎಂಬ ಆಸೆ ಮಿಸ್‌ಗೂ ಇತ್ತೇನೋ, ಯಾರಿಗೆ ಗೊತ್ತು.

ಕೊನೆಗೆ ಅಪ್ಪನ ಹತ್ತಿರ ವಿಷಯ ಬಿಚ್ಚಿದಳು. ಅಪ್ಪ ಹೊಸ ಬಂದರಿನಲ್ಲಿ ಹೂಳೆತ್ತುವ ಯಂತ್ರ ನಡೆಸುವವರು. ಕೇಳಿದ್ದೇ ತಡ, ಕುರ್ಚಿಯಲ್ಲಿ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಬೆಳಗ್ಗಿಂದ ಸಂಜೆವರೆಗೂ ಅದನ್ನೇ ಎತ್ತಿ ಹಾಕ್ತೀನಿ. ಮನೆಗೆ ಬಂದ್ರೆ ಇಲ್ಲೂ ಹೂಳೇನಾ?”

ಮಗಳ ಮುಖ ನೋಡಿ ನಗು ನಿಲ್ಲಿಸಿದರು. ಅಜ್ಜಿಗೆ ಮಾತ್ರ ನೀನೇ ಹೇಳಬೇಕು, ನಾನು ಹೇಳುವುದಿಲ್ಲ ಎಂದರು. ಪಟಾಕಿ ನಾಳೆ ಹೇಳುತ್ತೇನೆ ಎಂದಳು. ಮಾರನೆಯ ದಿನವೂ ನಾಳೆ ಎಂದಳು. ನಾಳೆಗಳು ಮುಗಿದು ಆಟದ ದಿನ ಬಂದೇಬಿಟ್ಟಿತು.

ಅಜ್ಜಿ ಕೋಟಿಗೆ ಇಸ್ತ್ರಿ ಹಾಕಿ, ಮಡಚಿ, ಚೀಲದಲ್ಲಿಟ್ಟುಕೊಂಡು ಎಲ್ಲರಿಗಿಂತ ಮೊದಲೇ ಸ್ಕೂಲಿಗೆ ಬಂದಿದ್ದರು. ಮೊಮ್ಮಗಳು ಸರಿಯಾಗಿ ಕಾಣಲಿ ಎಂದು ಮುಂದಿನ ಸಾಲಿನ ಕುರ್ಚಿಯನ್ನೇ ಹಿಡಿದಿದ್ದರು. ಅದನ್ನು ನೋಡಿ ಪಟಾಕಿಗೆ ಅಳು ಒತ್ತರಿಸಿ ಬಂತು.

“ಅಜ್ಜಿ, ನಾನು ಕ್ಯಾಪ್ಟನ್ ಅಲ್ಲ. ಹೂಳು. ಕೋಟು ಹೊಲಿಯೋಕೆ ಶುರು ಮಾಡಿಬಿಟ್ಟಿದ್ರಲ್ಲ, ಅದಕ್ಕೆ ಹೇಳ್ಲಿಲ್ಲ.”

ಇಷ್ಟು ಸಣ್ಣ ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

ಅಜ್ಜಿಗೆ ಬೇಜಾರಾಗಿತ್ತು, ಅದು ಕಾಣುತ್ತಿತ್ತು. ಮಡಿಲಲ್ಲಿದ್ದ ಕೋಟಿನ ಗುಂಡಿಗಳ ಮೇಲೆ ಸುಮ್ಮನೆ ಕೈಯಾಡಿಸಿದರು. ಆಮೇಲೆ ಎದ್ದು ನಿಂತು, ಕೋಟಿನ ತೋಳುಗಳನ್ನು ಒಳಗಿನಿಂದ ಹೊರಗೆಳೆದು, ಪೂರ್ತಿ ತಿರುವಿಹಾಕಿದರು. ಒಳಗಿನ ಅಸ್ತರು ಕಂದು ಬಣ್ಣದ್ದು.

“ಹಾಕ್ಕೋ. ಹೂಳಿಗೂ ಬಟ್ಟೆ ಬೇಡ್ವಾ? ಮುಂದಿನ ಸಲ ಮಾತ್ರ ಬಟ್ಟೆ ಕತ್ತರಿಸೋಕೆ ಮುಂಚೆ ಹೇಳು.”

ಗ್ರೌಂಡಿನಲ್ಲಿ ಸುಣ್ಣದ ಪುಡಿಯಿಂದ ನದಿ ಬರೆದಿದ್ದರು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ. ಮಿಸ್ ಮೈಕಿನಲ್ಲಿ ಕತೆ ಹೇಳುತ್ತಿದ್ದರು. ಗಂಟೆ ಬಾರಿಸಿದಾಗಲೆಲ್ಲ ಬಹಳ ವರ್ಷ ಕಳೆದ ಹಾಗೆ. ರಟ್ಟಿನ ಹಡಗುಗಳು ಬಂದವು, ವ್ಯಾಪಾರಿಗಳು ಕೂಗಾಡಿದರು, ಮೂಟೆಗಳು ಇಳಿದವು, ಏರಿದವು. ಲಂಬುವಿನ ಡೈಲಾಗು ಯಾರಿಗೂ ಕೇಳಿಸಲಿಲ್ಲ, ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಪಟಾಕಿ ಹೊರಟಿದ್ದಳು. ಗಂಟೆ ಒಂದು ಸಲ ಬಾರಿಸಿದರೆ ಒಂದು ಹೆಜ್ಜೆ, ಅದೂ ಕುಕ್ಕರಗಾಲಲ್ಲಿ. ಯಾರೂ ಅವಳತ್ತ ನೋಡುತ್ತಿರಲಿಲ್ಲ. ಬಂದರಿನ ಬಾಯಿಗೆ ಬಂದು ಕಾಲು ಚಾಚಿ ಕುಳಿತಳು. ಮುಂದಿನ ಗಂಟೆಗೆ ಇನ್ನಷ್ಟು ಅಗಲವಾಗಿ ಕುಳಿತಳು. ಲಂಬುವಿನ ಹಡಗು ಮತ್ತೆ ಬಂತು. ದಾರಿಯಿರಲಿಲ್ಲ. ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಕೊನೆಗೆ ಸೋತು ಹಿಂದಿರುಗಿದ. ವ್ಯಾಪಾರಿಗಳು ಗಂಟುಮೂಟೆ ಕಟ್ಟಿ ಹೊರಟರು. ಗ್ರೌಂಡು ಖಾಲಿಯಾಯಿತು, ನಡುವೆ ಪಟಾಕಿ ಒಬ್ಬಳೇ. ಎಲ್ಲರೂ ತನ್ನಿಂದಲೇ ಹೋದರು ಅನ್ನಿಸಿ ಅವಳಿಗೆ ಬೇಸರವಾಯಿತು.

ರಿಹರ್ಸಲ್ಲು ದಿನವೂ ಇಲ್ಲಿಗೇ ಮುಗಿಯುತ್ತಿತ್ತು. ಇವತ್ತು ಮಿಸ್ ಮೈಕು ಕೆಳಗಿಡಲಿಲ್ಲ.

“ಹೂಳು ಇನ್ನೂ ಬಂತು. ನೀರಿನಿಂದ ಮೇಲೆ ಬಂತು. ಒಣಗಿತು. ಹುಲ್ಲು ಬೆಳೀತು. ಜನ ಬಂದ್ರು, ಮನೆ ಕಟ್ಟಿದ್ರು, ಸ್ಕೂಲು ಕಟ್ಟಿದ್ರು. ಈಗ ನಾವೆಲ್ಲ ಕೂತಿರೋದು ಅಲ್ಲೇ.”

ಒಂದನೇ ಕ್ಲಾಸಿನ ಮಕ್ಕಳು ರಟ್ಟಿನ ಮನೆಗಳನ್ನು ಹಿಡಿದುಕೊಂಡು ಗುಂಪಾಗಿ ಓಡಿ ಬಂದರು. ಅವರಿಗೆ ರಿಹರ್ಸಲ್ಲೇ ಆಗಿರಲಿಲ್ಲ. ಪಟಾಕಿಯ ಸುತ್ತ, ಕಾಲ ಪಕ್ಕ, ಬೆನ್ನ ಹಿಂದೆ ಸಿಕ್ಕಿದಲ್ಲಿ ಮನೆ ಇಟ್ಟು ಕುಳಿತರು. ಒಬ್ಬಳು ಪುಟಾಣಿಗೆ ಜಾಗವೇ ಸಿಗಲಿಲ್ಲ. ಮನೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು, ಇನ್ನೇನು ಅಳುವವಳಿದ್ದಳು.

ಪಟಾಕಿ ಕೂಗಲಿಲ್ಲ. ಚಾಚಿದ್ದ ಕಾಲನ್ನು ಮಡಚಿ, ಮಡಿಲು ಅಗಲ ಮಾಡಿ, ಬಾ ಎಂದು ಕಣ್ಣಲ್ಲೇ ಕರೆದಳು. ಪುಟಾಣಿ ಬಂದು ಕುಳಿತು, ಪಟಾಕಿಯ ಮಂಡಿಯ ಮೇಲೆ ತನ್ನ ಮನೆ ಇಟ್ಟಳು. ಮನೆ ವಾಲಿತು. ಇಬ್ಬರೂ ಸೇರಿ ನೆಟ್ಟಗೆ ಮಾಡಿದರು.

“ಅಕ್ಕಾ, ನೀನು ಏನಾಗಿದ್ದೀಯ?” ಪುಟಾಣಿ ಕಿವಿಯಲ್ಲಿ ಕೇಳಿದಳು.

ಹೂಳು ಎನ್ನಲು ಹೊರಟ ಪಟಾಕಿ ಒಂದು ಕ್ಷಣ ತಡೆದಳು.

“ನೆಲ” ಎಂದಳು ಮೆಲ್ಲಗೆ.

ಮುಗಿಯಿತು ಎಂದು ಮಿಸ್ ಹೇಳಿದರು. ಜನ ಚಪ್ಪಾಳೆ ತಟ್ಟುತ್ತ ಎದ್ದರು, ಅಜ್ಜಿಯೂ ಎದ್ದರು. ಪಟಾಕಿಯ ಕಾಲು ಜೋಮು ಹಿಡಿದಿತ್ತು, ಮೂಗಿನ ತುದಿ ತುರಿಸುತ್ತಿತ್ತು. ಪುಟಾಣಿ ತನ್ನ ಮನೆಯನ್ನು ಎತ್ತಿಕೊಳ್ಳುವ ತನಕ ಅವಳು ಅಲುಗಾಡಲಿಲ್ಲ.