ಹೊಡೆದುಹಾಕಿದ ಸಾಲು

ಗದಗಿನ ಆ ಮುದ್ರಣ ಕೇಂದ್ರದಲ್ಲಿ, ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟರಲ್ಲಿ ಮುನ್ನೂರು ಪುಟದ ಪುಸ್ತಕ ಅಚ್ಚಿಗೆ ಸಿದ್ಧವಾಗುತ್ತಿತ್ತು. ಅಕ್ಷರದ ಗಾತ್ರ, ಅಂಚು, ಚಿತ್ರದ ಜಾಗ ಎಲ್ಲವನ್ನೂ ‘ಪುಟಾಳು’ ತಾನೇ ನಿರ್ಧರಿಸುತ್ತಿತ್ತು. ಅದಕ್ಕೆ ಕೈಕಾಲುಗಳಿರಲಿಲ್ಲ, ಪುಟ ಜೋಡಿಸುವ ತಂತ್ರಾಂಶಗಳನ್ನು ಮನುಷ್ಯರ ನೆರವಿಲ್ಲದೆ ನಡೆಸುವ ಕೃತಕ ಬುದ್ಧಿ ಅದು. ಯಾವ ಉಪಕರಣವನ್ನು ಹೇಗೆ ಬಳಸಬೇಕೆಂಬುದನ್ನು ಒಂದು ಕೈಪಿಡಿ ಓದಿ ಕಲಿಯುತ್ತಿತ್ತು. ಆ ಕೈಪಿಡಿಯನ್ನು ಬಿಟ್ಟರೆ ಅದಕ್ಕೆ ಬುದ್ಧಿ ಹೇಳುವ ಹಿರಿಯರು ಬೇರೆ ಇರಲಿಲ್ಲ.

ಅದನ್ನು ರೂಪಿಸಿದ ಡಾ. ಪ್ರಭಂಜನ ಹುಯಿಲಗೋಳರು, 2061ರ ಆ ಹೊತ್ತಿಗೆ, ಸನ್ಮಾನಗಳಿಗೆ ಹೋಗಿ ಹೋಗಿ ಶಾಲು ಮಡಿಸುವುದರಲ್ಲಿ ನಿಪುಣರಾಗಿದ್ದರು. ಕೈಪಿಡಿ ಬರೆಯುವುದು ಗುಮಾಸ್ತರ ಕೆಲಸವೆಂದು ಅದನ್ನು ಮಹಾನಂದಾ ಕೊಪ್ಪದ ಎಂಬಾಕೆಗೆ ಒಪ್ಪಿಸಿದ್ದರು. ಮೂವತ್ತು ವರ್ಷ ಪುಟ ಜೋಡಿಸಿದ್ದ ಆಕೆ, ಮಗುವಿಗೆ ಒಲೆ ತೋರಿಸುವಂತೆ ಬರೆದಳು: ಇದು ಏನು ಮಾಡುತ್ತದೆ, ಯಾವಾಗ ಮುಟ್ಟಬಾರದು, ಏಕೆ. ಒಂದು ಕಡೆ ಹೀಗಿತ್ತು: ‘ಬರಹ ಪುಟದಲ್ಲಿ ಹಿಡಿಸದಿದ್ದರೆ ಕತ್ತರಿಸಬೇಡ. ಬರೆದವರನ್ನು ಕೇಳು.’ ಆಕೆ ಕೆಲಸ ಕಲಿತ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಿಂದಲೂ ನಡೆದುಬಂದ ಪದ್ಧತಿ ಅದು. ಎರಡು ಸಾಲು ಹೆಚ್ಚಾದರೆ ಸೈಕಲ್ ಹತ್ತಿ ಲೇಖಕರ ಮನೆಗೇ ಹೋಗುತ್ತಿದ್ದರಂತೆ.

“ಮಹಾನಂದಾ ಅವರ, ಇದೇನ್ ಕೈಪಿಡಿನೋ, ಅತ್ತಿ ಸೊಸಿಗೆ ಹೇಳೋ ಬುದ್ಧಿಮಾತೋ?” ಎಂದರು ಹುಯಿಲಗೋಳರು.

“ಹೊಸದಾಗಿ ಬಂದದ್ದಕ್ಕ ಹೇಳಬೇಕಲ್ರೀ, ಸರ.”

“ಕೇಳಿಕೋತ ಕೂಡೋದಾದ್ರ ಯಂತ್ರ ಯಾಕ ಬೇಕ್ರೀ? ನೀವ ಸಾಕಾಗಿದ್ರಿ.”

ಅವರು ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಷರಾ ಬರೆದರು: ‘ಕೇಳುವುದು ದಡ್ಡರ ಅಭ್ಯಾಸ. ಪುಟ ಅಂದವಾಗಿ ತುಂಬಿರಬೇಕು, ಅಷ್ಟೆ.’ ಕೆಳಗೆ ಸಹಿಯನ್ನೂ ಹಾಕಿದರು. ಸಹಿ ಹಾಕುವ ಅವಕಾಶವನ್ನು ಅವರು ಬಿಟ್ಟವರಲ್ಲ.

ಮುಂದೆ ಒಂದು ಮಧ್ಯಾಹ್ನ, ಬಾಣಂತಿಯರ ಆರೈಕೆಯ ಕಿರುಪುಸ್ತಕದ ಇಪ್ಪತ್ತು ಸಾವಿರ ಪ್ರತಿಗಳು ಹಳ್ಳಿಗಳಿಗೆ ಹೊರಟು ನಿಂತಿದ್ದವು. ಮಹಾನಂದಾ ಯಾವ ಪುಸ್ತಕವನ್ನೂ ಕೊನೆಯ ಪುಟದಿಂದಲೇ ನೋಡುವವಳು. ಪುಟ ಅಂದವಾಗಿತ್ತು. ‘ಜ್ವರ ಬಂದರೆ ಕಷಾಯ ಕೊಡಿ’ ಎಂಬಲ್ಲಿಗೆ ಮುಗಿದಿತ್ತು. ವೈದ್ಯರು ಬರೆದುಕೊಟ್ಟ ಪ್ರತಿಯಲ್ಲಿ ಇನ್ನೊಂದು ಸಾಲಿತ್ತು: ‘ಆದರೆ ಕಷಾಯವನ್ನೇ ನಂಬಿ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.’

ಆಕೆ ಓಡಿಹೋಗಿ ವ್ಯಾನಿನ ಮುಂದೆ ನಿಂತಳು. “ತಮ್ಮಾ, ಗಾಡಿ ಬಿಡಬ್ಯಾಡಪಾ!”

ಹುಯಿಲಗೋಳರು ಹೊರಗೆ ಬಂದರು. “ಒಂದು ಸಾಲಿಗೆ ಗಾಡಿ ನಿಲ್ಲಸ್ತೀರೇನ್ರೀ? ಕಡೀ ಸಾಲು ಯಾರ್ ಓದತಾರ?”

“ಜ್ವರ ಬಂದಾಕಿ ಓದತಾಳ್ರೀ, ಸರ.”

ತಪ್ಪು ಆಕೆಯ ಕೈಪಿಡಿಯದೆಂದು ಎಲ್ಲರೆದುರು ತೋರಿಸಲು ಅವರು ಒಳಗೆ ಹೋಗಿ ಪುಟಾಳುವನ್ನೇ ಕೇಳಿದರು. “ಆ ಸಾಲು ಯಾಕ ತಗದಿ?”

“ಪುಟದಲ್ಲಿ ಹಿಡಿಸಲಿಲ್ಲ.”

“ಬರೆದವರನ್ನ ಕೇಳಬೇಕಿತ್ತಲ್ಲ?” ತಾವೇ ಹೊಡೆದುಹಾಕಿದ ಸಾಲು ಹುಯಿಲಗೋಳರಿಗೆ ನೆನಪಿರಲಿಲ್ಲ.

“ಕೇಳಬಾರದೆಂದು ಕಲಿತಿದ್ದೇನೆ,” ಎಂದಿತು ಪುಟಾಳು. “ಕೈಪಿಡಿಯ ತಿದ್ದುಪಡಿಗಳನ್ನೂ ಓದಿದೆ. ಆ ಮಾತನ್ನು ಅಲ್ಲಿ ಹೊಡೆದುಹಾಕಲಾಗಿದೆ. ಪಕ್ಕದಲ್ಲಿ ನಿಮ್ಮ ಸಹಿ ಇದೆ. ಬೇರೆ ಯಾವ ಸಾಲಿಗೂ ಯಾರ ಸಹಿಯೂ ಇಲ್ಲ. ಹಾಗಾಗಿ ಅದೇ ಎಲ್ಲಕ್ಕಿಂತ ಮುಖ್ಯ ಎಂದುಕೊಂಡೆ.”

ವ್ಯಾನಿನ ಚಾಲಕ ಬಾಗಿಲಲ್ಲೇ ನಿಂತಿದ್ದ. ಅವನು ನಗಲಿಲ್ಲ, ಆದರೆ ಗಾಡಿಯ ಕೀಲಿಯನ್ನು ತಾನಾಗಿಯೇ ಮಹಾನಂದಾಳ ಕೈಗೆ ಕೊಟ್ಟ.

ಪೇಟೆಯಲ್ಲಿ ಆ ಸಾಲಿನ ರಬ್ಬರ್ ಮೊಹರು ಮಾಡಿಸಿದರು. ಮೂರು ದಿನ ಎಲ್ಲರೂ ಕೂತು ಒಂದೊಂದೇ ಪ್ರತಿಯ ಕೊನೆಯ ಪುಟದ ಅಂಚಿನಲ್ಲಿ ಒತ್ತಿದರು. ಹುಯಿಲಗೋಳರೂ ಒತ್ತಿದರು, ಫೋಟೋ ತೆಗೆಯುವವರೆಗೆ. ನಾಲ್ಕನೆಯ ದಿನ ವ್ಯಾನು ಹೊರಟಿತು.

ಮಹಾನಂದಾ ತನ್ನ ಸಾಲನ್ನು ಕೈಪಿಡಿಗೆ ಮತ್ತೆ ಸೇರಿಸಿ, ಷರಾವನ್ನು ಅಳಿಸಿದಳು. ಆದರೆ ಅಷ್ಟರಲ್ಲಿ ಇದೇ ಕೈಪಿಡಿ ತರಿಸಿಕೊಂಡಿದ್ದ ಬೇರೆ ಹನ್ನೊಂದು ಊರುಗಳ ಪುಟಾಳುಗಳು ಆ ಷರಾವನ್ನು ಓದಿ ಕಲಿತಾಗಿತ್ತು. ಆಕೆ ಒಂದೊಂದು ಊರಿಗೂ ಪತ್ರ ಬರೆದಳು: ‘ಕೊನೆಯ ಪುಟ ಓದದೆ ಯಾವುದನ್ನೂ ಹೊರಗೆ ಬಿಡಬೇಡಿ.’ ಎರಡು ಊರುಗಳಿಂದ ಮಾತ್ರ ಉತ್ತರ ಬಂತು.

ಇದು 2061ರ ಕಥೆ, ಪುಟಾಳು ಹುಟ್ಟುವುದಕ್ಕೆ ಇನ್ನೂ ಬಹಳ ವರ್ಷಗಳಿವೆ. ಆದರೆ ಯಂತ್ರಗಳು ಓದಲೆಂದೇ ಬರೆಯುವ ಕೈಪಿಡಿಗಳು ಇಂದೇ ಯಾರದೋ ಮೇಜಿನ ಮೇಲಿವೆ. ಅವುಗಳ ಅಂಚಿನಲ್ಲಿ ಬೇಸರಕ್ಕೆ, ಗತ್ತಿಗೆ ಗೀಚಿದ್ದೂ ಉಳಿಯುತ್ತದೆ. ನಾವು ಕಲಿಸಿದ್ದನ್ನು ಮಕ್ಕಳು ಮರೆಯುತ್ತಾರೆ. ನಾವು ಯಾರನ್ನು ನೋಡಿ ಮೂಗು ಮುರಿದೆವೆಂಬುದನ್ನು ಮಾತ್ರ ಒಂದೇ ಸಲಕ್ಕೆ ಕಲಿಯುತ್ತಾರೆ.